ಹಿರಿಯರ ಆರೋಗ್ಯ, ಸ್ವಾವಲಂಬನೆ: ಆಳಂದ, ಅಫಜಲಪುರ, ಜೇವರ್ಗಿ

• ಅಳತೆ: ದೈನಂದಿನ ಸ್ವಾವಲಂಬನೆ ಅಳೆಯುವ ಕಾಟ್ಜ್ ಸೂಚ್ಯಂಕ (1963). ಸ್ನಾನ, ಉಡುಪು, ಶೌಚಾಲಯ ಬಳಕೆ, ಹಾಸಿಗೆಯಿಂದ ಏಳುವುದು, ಮಲಮೂತ್ರ ನಿಯಂತ್ರಣ, ಊಟ – ಒಟ್ಟು 6 ಅಂಶ.

• ಬದಲಾವಣೆ: ಸ್ವಾವಲಂಬನೆ ವಯಸ್ಸಿನೊಂದಿಗೆ ಕುಗ್ಗಬಹುದು, ಚಿಕಿತ್ಸೆಯಿಂದ ಮರಳಲೂಬಹುದು. ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿ ಮತ್ತೆ ತಾವೇ ಜೋಳದ ರೊಟ್ಟಿ ಬಡಿಯಬಲ್ಲರು.

• ಅಧ್ಯಯನ: ಭಾರತದ ಹಿರಿಯರ ದೀರ್ಘಾವಧಿ ಅಧ್ಯಯನವಾದ 'ಲಾಸಿ' ಸಮೀಕ್ಷೆ, 45 ವರ್ಷ ಮೇಲ್ಪಟ್ಟವರು, ಮೊದಲ ಸುತ್ತು 2017–18, ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ.

• ಸೌಲಭ್ಯ: ಸಂಧ್ಯಾ ಸುರಕ್ಷಾ ಪಿಂಚಣಿ (65 ವರ್ಷ ತುಂಬಿದವರಿಗೆ), ಆಯುಷ್ಮಾನ್ ವಿಮೆ (70 ತುಂಬಿದ ಎಲ್ಲರಿಗೂ, 2024ರಿಂದ).

• ಕಾನೂನು: ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಈ 3 ತಾಲ್ಲೂಕುಗಳು ಕಲಬುರಗಿ ಉಪವಿಭಾಗದಲ್ಲಿವೆ. ಉಪವಿಭಾಗಾಧಿಕಾರಿಯೇ ಈ ಕಾಯ್ದೆಯಡಿ ಪೋಷಣೆಯ ಅರ್ಜಿ ಆಲಿಸುವ ನ್ಯಾಯಮಂಡಳಿಯ ಅಧ್ಯಕ್ಷರು.

• ನೆನಪಿಡಿ: ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು – ಸಂವಿಧಾನದ 41ನೇ ವಿಧಿ.