ಮಗಳ ವಾಟ್ಸಾಪ್ ಅಂಗಡಿಯ ಕಂಪ್ಯೂಟರಿನಲ್ಲಿ

ಪ್ರಶ್ನೆ: ನಾವು ರಿಪ್ಪನ್‌ಪೇಟೆಯವರು. ಮನೆಯವರಿಗೆ ಪೇಟೆಯಲ್ಲಿ ಅಂಗಡಿ, ಊರಲ್ಲಿ ಸ್ವಲ್ಪ ಅಡಿಕೆ ತೋಟ. ದೊಡ್ಡ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಮಗಳು ಮೊದಲ ಪಿಯುಸಿ, ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಾಳೆ. ಮಳೆಗಾಲದ ಶುರುವಿನಲ್ಲಿ ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಇವರು ಅವಳ ವಾಟ್ಸಾಪನ್ನು ಅಂಗಡಿಯ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡರು. ಅಂದಿನಿಂದ ದಿನಾ ರಾತ್ರಿ ಶಟರ್ ಎಳೆಯುವ ಮುಂಚೆ ಓದುತ್ತಾರೆ. ಇಲ್ಲಿಯವರೆಗೆ ಕೆಟ್ಟದ್ದೇನೂ ಸಿಕ್ಕಿಲ್ಲ. ಈಗ ಇನ್ನೊಂದು ಆ್ಯಪ್ ಹಾಕಿಸುವ ಮಾತಾಡುತ್ತಿದ್ದಾರೆ, ಅದರಲ್ಲಿ ಫೋಟೋ, ಕರೆ, ಎಲ್ಲಿದ್ದಾಳೆ ಅನ್ನುವುದೂ ಕಾಣುತ್ತದಂತೆ. ‘ಕಾಲ ಕೆಟ್ಟಿದೆ, ಹೆತ್ತವರು ನೋಡದೆ ಇನ್ಯಾರು ನೋಡಬೇಕು’ ಅನ್ನುತ್ತಾರೆ. ನನಗೆ ಮಗಳ ಮುಖ ನೋಡಲು ಆಗುತ್ತಿಲ್ಲ. ಇದು ತಪ್ಪಾ? ಹೇಳಿಬಿಟ್ಟರೆ ಮುಂದೆ ಅವಳು ನಮ್ಮನ್ನು ನಂಬುತ್ತಾಳಾ?

ಉತ್ತರ: ಮಗಳಿಗೆ ಹೇಳಿಬಿಡಿ. ಈ ವಾರವೇ ಹೇಳಿ. ಹೊಸ ಆ್ಯಪನ್ನಂತೂ ಹಾಕಿಸಲೇಬೇಡಿ.

ಅವಸರ ಯಾಕೆಂದರೆ, ನೀವು ಹೇಳದಿದ್ದರೂ ಒಂದು ದಿನ ಅವಳಿಗೆ ತಾನಾಗಿ ಗೊತ್ತಾಗುತ್ತದೆ. ವಾಟ್ಸಾಪಿನ ಮೇಲಿನ ಮೂಲೆಯಲ್ಲಿ ಮೂರು ಚುಕ್ಕಿ ಇವೆಯಲ್ಲ, ಅದನ್ನು ಒತ್ತಿದರೆ ‘ಲಿಂಕ್ಡ್ ಡಿವೈಸಸ್’ ಅಂತ ಒಂದು ಸಾಲು ಇದೆ. ಅದರೊಳಗೆ ಅಂಗಡಿಯ ಲ್ಯಾಪ್‌ಟಾಪಿನ ಗುರುತು ಇರುತ್ತದೆ, ಅದನ್ನು ಕೊನೆಯ ಸಲ ಎಷ್ಟು ಹೊತ್ತಿಗೆ ತೆರೆಯಲಾಗಿತ್ತು ಅನ್ನುವುದೂ ಇರುತ್ತದೆ. ದಿನಾ ರಾತ್ರಿ ಒಂದೇ ಹೊತ್ತು. ಅಂಗಡಿಯ ಶಟರ್ ಎಷ್ಟಕ್ಕೆ ಬೀಳುತ್ತದೆ ಎಂದು ಚಿಕ್ಕಂದಿನಿಂದ ನೋಡಿದ ಹುಡುಗಿಗೆ ಅಷ್ಟು ಸಾಕು. ಕಾಲೇಜಿನ ಮಕ್ಕಳು ಈ ಸಾಲನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಅವಳು ಈಗಾಗಲೇ ನೋಡಿ ಸುಮ್ಮನಿದ್ದರೂ ಇರಬಹುದು.

ನಾನು ಬೆಳೆದದ್ದೂ ನಿಮ್ಮ ಕಡೆಯಲ್ಲೇ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಾನು ಕಾಲೇಜಿಗೆ ಹೋಗುವಾಗ ಫೋನಿರಲಿಲ್ಲ, ನೀಲಿ ಇನ್‌ಲ್ಯಾಂಡ್ ಲೆಟರ್ ಇತ್ತು. ಬೇಸಿಗೆ ರಜೆಯಲ್ಲಿ ಗೆಳತಿ ಬರೆದ ಕಾಗದ ನನ್ನ ಕೈಗೆ ಬಂದಾಗ ಅದರ ಅಂಚಿನಲ್ಲಿ ಒಂದು ಅನ್ನದ ಅಗುಳು ಒಣಗಿ ಅಂಟಿಕೊಂಡಿತ್ತು. ಅಪ್ಪ ಬಿಡಿಸಿ ಓದಿ, ಅನ್ನ ಸವರಿ ಮತ್ತೆ ಅಂಟಿಸಿದ್ದರು. ಒಳಗಿದ್ದದ್ದು ಗೆಳತಿಯ ಅಕ್ಕನ ಮದುವೆ ಸುದ್ದಿ. ನಾನು ಏನೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಮುಂದಿನ ಕಾಗದಗಳು ಮಾತ್ರ ನಮ್ಮ ಮನೆಗೆ ಬರಲಿಲ್ಲ, ಪೇಟೆಯಲ್ಲಿದ್ದ ಸಹಪಾಠಿಯ ಮನೆ ವಿಳಾಸಕ್ಕೆ ಬರತೊಡಗಿದವು. ಎರಡು ವರ್ಷದ ಮೇಲೆ ಬಸ್ಸಿನಲ್ಲಿ ಒಬ್ಬ ಗಂಡಸು ದಿನಾ ಕಾಟ ಕೊಡಲು ಶುರುಮಾಡಿದ. ನಾನು ಅಪ್ಪನಿಗೆ ಹೇಳಲಿಲ್ಲ. ಬಸ್ಸು ಬದಲಾಯಿಸಿದೆ, ವರ್ಷವಿಡೀ ಬೆಳಗಿನ ಮೊದಲ ಕ್ಲಾಸು ತಪ್ಪಿಸಿಕೊಂಡೆ. ಅಪ್ಪನಿಗೆ ನನ್ನ ಮೇಲೆ ಪ್ರಾಣ. ಹೇಳಿದ್ದರೆ ಮರುದಿನವೇ ಆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿರುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದವು, ಈ ಸಂಗತಿ ಅವರಿಗೆ ತಿಳಿಯಲೇ ಇಲ್ಲ.

ಇವತ್ತಿನ ಮಕ್ಕಳಿಗೆ ಸಹಪಾಠಿಯ ಮನೆಯ ವಿಳಾಸ ಬೇಕಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಎರಡನೇ ಅಕೌಂಟ್ ತೆರೆಯಲು ಐದು ನಿಮಿಷ ಸಾಕು. ಆಮೇಲೆ ನಿಮ್ಮ ಮನೆಯವರು ಅಂಗಡಿಯಲ್ಲಿ ಕೂತು ಓದುವುದು ಅವಳು ಅವರಿಗೆಂದೇ ಬಿಟ್ಟ ವಾಟ್ಸಾಪನ್ನು.

ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 14 ವರ್ಷದ 703 ಮಕ್ಕಳನ್ನೂ ಅವರ ಹೆತ್ತವರನ್ನೂ ಕೇಳಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಗು ಎಲ್ಲಿ ಹೋಗುತ್ತದೆ, ಯಾರ ಜೊತೆ ಇರುತ್ತದೆ ಎಂದು ಚೆನ್ನಾಗಿ ಬಲ್ಲ ಹೆತ್ತವರ ಮಕ್ಕಳು ಕೆಟ್ಟ ದಾರಿ ಹಿಡಿಯುವುದು ಕಡಿಮೆ ಎಂದು ಅದಕ್ಕೂ ಮುಂಚೆಯೇ ಗೊತ್ತಿತ್ತು. ಎಲ್ಲರೂ ಅದನ್ನು ಕಣ್ಗಾವಲಿನ ಫಲ ಎಂದುಕೊಂಡಿದ್ದರು. ಇವರಿಬ್ಬರು ಕೇಳಿದ್ದು, ಆ ಹೆತ್ತವರಿಗೆ ಗೊತ್ತಾದದ್ದಾದರೂ ಹೇಗೆ ಎಂದು. ಬಹುಪಾಲು ಗೊತ್ತಾದದ್ದು ಮಗು ತಾನಾಗಿ ಬಂದು ಹೇಳಿದ್ದರಿಂದ. ಸ್ವೀಡನ್ನಿನ ಮನೆಗೂ ನಮ್ಮ ಮನೆಗೂ ಅಂತರವಿದೆ, ಒಪ್ಪುತ್ತೇನೆ. ಆದರೂ ನನ್ನ ಇನ್‌ಲ್ಯಾಂಡ್ ಲೆಟರಿನ ಅನುಭವಕ್ಕೆ ಇದು ಎಷ್ಟು ಹೊಂದುತ್ತದೆ ನೋಡಿ.

ಈಗ ನಿಮ್ಮ ಮನೆಯವರ ಹೆದರಿಕೆಗೆ ಬರುತ್ತೇನೆ. ಅದು ನಿಜವಾದ ಹೆದರಿಕೆ, ತಳ್ಳಿಹಾಕುವಂಥದ್ದಲ್ಲ. ಆನ್‌ಲೈನಿನಲ್ಲಿ ಪರಿಚಯವಾದವನೊಬ್ಬ ಮೊದಲು ಹೊಗಳುತ್ತಾನೆ, ಆಮೇಲೆ ಫೋಟೋ ಕೇಳುತ್ತಾನೆ, ಫೋಟೋ ಕೈಗೆ ಸಿಕ್ಕ ಮೇಲೆ ದುಡ್ಡು ಕೇಳುತ್ತಾನೆ ಅಥವಾ ಇನ್ನೂ ಕೆಟ್ಟದ್ದನ್ನು ಕೇಳುತ್ತಾನೆ. ಇಂಥದ್ದು ಮಲೆನಾಡಿನ ಹುಡುಗಿಯರಿಗೂ ಆಗಬಹುದು, ಹುಡುಗರಿಗೂ ಆಗಬಹುದು. ಆದರೆ ಅವನು ಬೆದರಿಸುವಾಗ ಆಡುವ ಮಾತನ್ನು ಗಮನಿಸಿ: ‘ನಿಮ್ಮಪ್ಪನಿಗೆ ಕಳಿಸ್ತೀನಿ.’ ಅವನ ಕೈಯಲ್ಲಿರುವ ಆಯುಧ ಅದೊಂದೇ. ಅಪ್ಪನಿಗೆ ತಾನೇ ಹೇಳಬಲ್ಲೆ ಅನ್ನುವ ಧೈರ್ಯ ಇರುವ ಹುಡುಗಿಯ ಮುಂದೆ ಆ ಆಯುಧ ನಡೆಯುವುದಿಲ್ಲ. ಅಪ್ಪ ಕದ್ದು ಓದುತ್ತಿದ್ದಾರೆ ಎಂದು ಗೊತ್ತಾದ ಹುಡುಗಿ ಆ ರಾತ್ರಿ ಯಾರ ಹತ್ತಿರ ಹೋಗಬೇಕು?

ಹಾಗೇನಾದರೂ ಆದರೆ ಮಾಡಬೇಕಾದ್ದು ಇಷ್ಟು. ದುಡ್ಡು ಕೊಡಬೇಡಿ. ಮೆಸೇಜುಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ಅಪರಾಧದ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ನಿಮ್ಮ ಮಗಳಿಗೆ 18 ತುಂಬಿಲ್ಲವಾದ್ದರಿಂದ 2012ರ ಪೋಕ್ಸೊ ಕಾಯ್ದೆ ಅವಳ ಬೆನ್ನಿಗಿದೆ. ಅಪ್ರಾಪ್ತರ ನಗ್ನ ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಫೋಟೋವನ್ನು ಯಾರಿಗೂ ಕಳಿಸಬೇಕಿಲ್ಲ, ಅದರ ಅಂಕಿಗಳ ಗುರುತು ಮಾತ್ರ ಹೋಗುತ್ತದೆ, ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಂಥವು ಆ ಗುರುತು ಹಿಡಿದು ಚಿತ್ರವನ್ನು ತೆಗೆಯುತ್ತವೆ. ಇದನ್ನೆಲ್ಲ ಮಗಳಿಗೂ ಹೇಳಿಡಿ. ಅವಳಿಗಲ್ಲದಿದ್ದರೆ ಅವಳ ಗೆಳತಿಗೆ ಬೇಕಾದೀತು.

ಆ ಇನ್ನೊಂದು ಆ್ಯಪಿನ ಮಾತು ಬಿಡಿಸಿಯೇ ಹೇಳಬೇಕು. ಒಬ್ಬರ ಫೋನನ್ನು ಅವರಿಗೆ ಗೊತ್ತಾಗದಂತೆ ಕಾಯುವ ಆ್ಯಪುಗಳನ್ನು ಗೂಗಲ್ ಪ್ಲೇ ಸ್ಟೋರ್ ಒಳಗೆ ಬಿಡುವುದಿಲ್ಲ. ಹಾಗಾಗಿ ಅಂಥವನ್ನು ಹೊರಗಿನಿಂದ ಇಳಿಸಿಕೊಂಡು, ಫೋನಿನ ರಕ್ಷಣೆಯನ್ನು ಆಫ್ ಮಾಡಿ ಕೂರಿಸುತ್ತಾರೆ. ಆಮೇಲೆ ನಿಮ್ಮ ಮಗಳ ಫೋಟೋ, ಮಾತು, ಅವಳು ಇರುವ ಜಾಗ ಎಲ್ಲವೂ ಯಾವುದೋ ದೇಶದ ಯಾವುದೋ ಸರ್ವರಿಗೆ ಹೋಗಿ ಬೀಳುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರ ಸೆಪ್ಟೆಂಬರಿನಲ್ಲಿ ‘ಸ್ಪೈಫೋನ್’ ಕಂಪನಿಯನ್ನು ಈ ವ್ಯಾಪಾರದಿಂದಲೇ ಹೊರಗಟ್ಟಿತು. ಆ ಕಂಪನಿಯ ಸರ್ವರಿಗೆ 2018ರಲ್ಲಿ ಕನ್ನ ಬಿದ್ದು ಸುಮಾರು 2,200 ಮಂದಿಯ ಮಾಹಿತಿ ಹೋಗಿತ್ತು. ಮಕ್ಕಳನ್ನು ಕಾಯಲೆಂದು ಮಾರುವ ‘ಎಂಸ್ಪೈ’ನಿಂದ 2015, 2018, 2024ರಲ್ಲಿ ಮಾಹಿತಿ ಸೋರಿದೆ. ಮಗಳ ಫೋಟೋ ಅಪರಿಚಿತನ ಕೈಗೆ ಸಿಗಬಾರದು ಎಂದು ತಾನೇ ನಿಮ್ಮ ಮನೆಯವರು ಇಷ್ಟೆಲ್ಲ ಮಾಡುತ್ತಿರುವುದು?

ಕಾನೂನಿನ ದಾರಿಯಲ್ಲಿ ಹೋದರೆ ಹೆತ್ತವರಿಗೆ ನೇರ ತಡೆಯೇನೂ ಸಿಗದು. ವೈಯಕ್ತಿಕ ಮಾಹಿತಿ ರಕ್ಷಣೆಗೆಂದು ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯ್ದೆ, ಮಕ್ಕಳ ಬೆನ್ನುಹತ್ತಿ ಅವರ ನಡವಳಿಕೆ ಕಾಯಬಾರದೆಂದು ಹೇಳುವುದು ಕಂಪನಿಗಳಿಗೆ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಆ ತೀರ್ಪು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಮಕ್ಕಳ ಬಗ್ಗೆ ಬೇರೆಯಾಗಿ ಬರೆದಿದ್ದಾರೆ: ಆನ್‌ಲೈನಿನಲ್ಲಿ ಮಾಡಿದ ಎಳೆತನದ ತಪ್ಪುಗಳ ಹೊರೆಯನ್ನು ಅವರು ಬದುಕಿಡೀ ಹೊರುವಂತಾಗಬಾರದು ಎಂಬ ಅರ್ಥದಲ್ಲಿ. ನಿಮ್ಮ ಮಗಳು ಗೆಳತಿಯ ಹತ್ತಿರ ಲೆಕ್ಚರರ್ ಬಗ್ಗೆ, ನಿಮ್ಮಿಬ್ಬರ ಬಗ್ಗೆ ಬೈದುಕೊಂಡಿರಬಹುದು. ಹದಿನಾರರಲ್ಲಿ ಅದಕ್ಕೊಂದು ಜಾಗ ಬೇಕು.

ಇನ್ನೊಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೆಂಗಳೂರಿನಲ್ಲಿರುವ ಮಗನ ಫೋನನ್ನು ಯಾರಾದರೂ ಓದಿದ್ದಾರಾ? ನೀವು ಬರೆದಿಲ್ಲ, ಓದಿರಲಿಕ್ಕಿಲ್ಲ. ಊರು ಬಿಟ್ಟು ಒಬ್ಬನೇ ಇರುವವನು ಅವನು, ಆನ್‌ಲೈನ್ ಜೂಜಿನ ಬಲೆ ಅವನಿಗೂ ಹತ್ತಿರವೇ ಇದೆ. ಹಾಗಾದರೆ ನಿಮ್ಮ ಮನೆಯವರ ಹೆದರಿಕೆಯಲ್ಲಿ ಮಗಳಿಗೆ ಏನಾದೀತೋ ಅನ್ನುವುದು ಎಷ್ಟು, ನಿಮ್ಮ ಪೇಟೆಯ ವಿನಾಯಕ ಸರ್ಕಲ್ಲಿನಲ್ಲಿ ನಿಂತವರು ಏನೆಂದಾರೋ ಅನ್ನುವುದು ಎಷ್ಟು? ಸಣ್ಣ ಪೇಟೆಯಲ್ಲಿ ಎರಡನೆಯದೂ ಸುಳ್ಳು ಹೆದರಿಕೆಯಲ್ಲ. ಆದರೆ ಅದರ ಭಾರವನ್ನು ಅವಳೊಬ್ಬಳ ಫೋನಿನ ಮೇಲೆ ಹೇರಬೇಡಿ.

2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ನಾಡೆಲ್ಲ ಹರಿದಾಡಿತ್ತು, ನಿಮ್ಮ ಮನೆಯವರೂ ನೋಡಿರಬಹುದು. ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಹುಡುಗಿಯೊಬ್ಬಳು ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಳೆ, ಅಪ್ಪ ಹಿಂದೆ ನಿಂತು ಕೊಡೆ ಹಿಡಿದಿದ್ದಾನೆ. ಆಗ ನಮ್ಮ ಹೊಸನಗರ, ಸಾಗರದ ಹಳ್ಳಿಗಳಲ್ಲೂ ‘ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ’ ಎಂದು ಜನ ಬೋರ್ಡು ಹಾಕಿದ್ದರು. ಮಕ್ಕಳಿಗೆ ಫೋನ್ ಬೇಕೆಂದು ಬೇಡಿದವರು, ಸಾಲ ಮಾಡಿ ತಂದುಕೊಟ್ಟವರು ಹೆತ್ತವರೇ. ಆ ಅಪ್ಪನೂ ಮಗಳ ಫೋನಿನ ಪಕ್ಕದಲ್ಲೇ ಇದ್ದ. ಅವನು ಅಲ್ಲಿರುವುದು ಮಗಳಿಗೆ ಗೊತ್ತಿತ್ತು.

ನೋಡಲೇಬೇಕಾದ ಸಂದರ್ಭಗಳಿಲ್ಲವೇ ಅಂದರೆ, ಇವೆ. ಊಟ ಬಿಟ್ಟಿದ್ದಾಳೆ, ಫೋನ್ ಬಂದರೆ ನಡುಗುತ್ತಾಳೆ, ಸಾಯುವ ಮಾತಾಡುತ್ತಾಳೆ, ಮನೆಯ ದುಡ್ಡು ಕಾಣೆಯಾಗುತ್ತಿದೆ ಅಂದರೆ ಕಾಯಬೇಡಿ. ಆಗಲೂ ‘ನನಗೆ ಹೆದರಿಕೆಯಾಗಿದೆ, ನಿನ್ನ ಫೋನ್ ನೋಡುತ್ತೇನೆ’ ಎಂದು ಹೇಳಿಯೇ ನೋಡಿ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿನ ಗೀಳೇ ತೊಂದರೆಯಾದರೆ ಅದಕ್ಕೆಂದೇ ನಿಮ್ಹಾನ್ಸ್ 2014ರಲ್ಲಿ ಶುರುಮಾಡಿದ ‘ಶಟ್’ ಕ್ಲಿನಿಕ್ ಬೆಂಗಳೂರಿನಲ್ಲಿದೆ.

ಬಸ್ಸಿನ ಚಿಂತೆಗೆ ಸುಲಭದ ದಾರಿ ಇದೆ. ಸಂಜೆ ಶಿವಮೊಗ್ಗದಲ್ಲಿ ಬಸ್ಸು ಹತ್ತಿದ ಮೇಲೆ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಅನ್ನು ಅವಳೇ ಕಳಿಸಬಹುದು, ಮನೆ ಮುಟ್ಟಿದ ಮೇಲೆ ನಿಲ್ಲಿಸಬಹುದು. ಕಾಡಿನ ನಡುವೆ ನೆಟ್‌ವರ್ಕ್ ಹೋದರೆ ಚುಕ್ಕಿ ನಿಂತಲ್ಲೇ ನಿಲ್ಲುತ್ತದೆ, ಗಾಬರಿಯಾಗಬೇಡಿ.

ಹೇಳುವುದು ಹೇಗೆ? ನೀವಲ್ಲ, ನಿಮ್ಮ ಮನೆಯವರೇ ಹೇಳಬೇಕು. ಭಾನುವಾರ ಅಂಗಡಿಯ ಲ್ಯಾಪ್‌ಟಾಪನ್ನು ಮನೆಗೆ ತರಲಿ, ಅವಳೆದುರೇ ಲಾಗ್ ಔಟ್ ಮಾಡಲಿ. ಎಂದಿನಿಂದ ಓದುತ್ತಿದ್ದೆ ಅನ್ನುವುದನ್ನು ಕಡಿಮೆ ಮಾಡಿ ಹೇಳದಿರಲಿ. ‘ನಿನ್ನ ಒಳ್ಳೆಯದಕ್ಕೇ ಮಾಡಿದ್ದು’ ಎಂದು ಶುರುಮಾಡಿದರೆ ಉಳಿದದ್ದು ಅವಳ ಕಿವಿಗೆ ಹೋಗುವುದಿಲ್ಲ. ‘ಹೆದರಿಕೊಂಡೆ, ತಪ್ಪು ಮಾಡಿದೆ’ ಅಂದರೆ ಸಾಕು. ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ನೀವೂ ತಪ್ಪೊಪ್ಪಿಕೊಳ್ಳಿ. ಓದಿದ್ದರಲ್ಲಿ ಒಂದು ಸಾಲನ್ನೂ ಆಗಲೂ ಆಮೇಲೂ ಎತ್ತಿ ಆಡಬೇಡಿ.

ನಂಬುತ್ತಾಳಾ ಎಂದು ಕೇಳಿದಿರಿ. ಮೊದಲು ಸಿಟ್ಟು ಮಾಡುತ್ತಾಳೆ. ವಾರಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟಾಳು. ಊಟಕ್ಕೆ ಕರೆಯಿರಿ, ಬಸ್‌ಸ್ಟ್ಯಾಂಡಿಗೆ ಅಪ್ಪ ಎಂದಿನಂತೆ ಬಿಟ್ಟು ಬರಲಿ. ಮರುದಿನ ಅವಳು ಫೋನಿನ ಲಾಕ್ ಬದಲಾಯಿಸಿದರೆ ಹೊಸ ನಂಬರ್ ಕೇಳಬೇಡಿ.