ಮುಳ್ಳು ಚುಚ್ಚಿದಲ್ಲಿ ಬಾವು ಬರುವುದೇಕೆ?



ಕುಪ್ಪೇಲೂರಿನ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವಾಗ ನಿಮಗೆ ಜಾಲಿ ಮುಳ್ಳು ಚುಚ್ಚಿರಬಹುದು. ಮುಳ್ಳು ತೆಗೆದರೂ ಮರುದಿನ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಕೆಲವೊಮ್ಮೆ ಕೀವೂ ಆಗುತ್ತದೆ. ಹೀಗೇಕೆ?

ಚರ್ಮ ನಮ್ಮ ದೇಹದ ಬೇಲಿ. ಮುಳ್ಳು ಆ ಬೇಲಿಯಲ್ಲಿ ಕಿಂಡಿ ಮಾಡಿದಾಗ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಒಳಗೆ ನುಗ್ಗುತ್ತವೆ. ಅವುಗಳನ್ನು ಎದುರಿಸುವುದು ಬಿಳಿ ರಕ್ತಕಣಗಳ ಕೆಲಸ.

ಹುಟ್ಟುವುದು ಎಲ್ಲಿ?

ಮೂಳೆಗಳ ಒಳಗೆ ಮೆತ್ತನೆಯ ಅಸ್ಥಿಮಜ್ಜೆ ಇದೆ. ಅಲ್ಲಿನ ಆಕರ ಕೋಶಗಳು ವಿಭಜನೆ ಹೊಂದಿ ಕೆಂಪು ಕಣ, ಬಿಳಿ ಕಣಗಳಾಗಿ ಬೆಳೆಯುತ್ತವೆ. ದೊಡ್ಡವರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣಗಳು ಸುಮಾರು 50 ಲಕ್ಷ. ಬಿಳಿ ಕಣಗಳು 4,000ದಿಂದ 11,000 ಮಾತ್ರ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನ್ಯೂಟ್ರೋಫಿಲ್‌ಗಳು. ಇವುಗಳ ಆಯುಷ್ಯ ಬಹಳ ಕಡಿಮೆ. ಆದ್ದರಿಂದ ಅಸ್ಥಿಮಜ್ಜೆ ದಿನವೊಂದಕ್ಕೆ ಸುಮಾರು 10,000 ಕೋಟಿ ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ!

ಕಾದಾಟ ಹೇಗೆ?

ಚರ್ಮದ ಕೆಳಗೆ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ಬ್ಯಾಕ್ಟೀರಿಯಾ ಕಂಡೊಡನೆ ಇವು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಆಗ ಅಲ್ಲಿನ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚಾಗಿ ಹರಿಯುತ್ತದೆ. ಅದಕ್ಕೇ ಕೆಂಪು ಮತ್ತು ಬಿಸಿ. ನಾಳದಿಂದ ದ್ರವ ಹೊರಗೆ ಜಿನುಗುತ್ತದೆ. ಅದಕ್ಕೇ ಬಾವು. ನ್ಯೂಟ್ರೋಫಿಲ್‌ಗಳು ನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಹೊರಬಂದು ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುತ್ತವೆ, ತಾವೂ ಸಾಯುತ್ತವೆ. ಕೀವಿನಲ್ಲಿ ಹೆಚ್ಚಾಗಿ ಇರುವುದು ಹೀಗೆ ಸತ್ತ ನ್ಯೂಟ್ರೋಫಿಲ್‌ಗಳೇ. ಉಳಿದ ಕಸವನ್ನು ಮ್ಯಾಕ್ರೋಫೇಜ್‌ಗಳು ನುಂಗಿ ಸ್ವಚ್ಛಗೊಳಿಸುತ್ತವೆ.

ಈ ರಕ್ಷಣೆ ನಮಗೆ ಹುಟ್ಟಿನಿಂದಲೇ ಬಂದಿದೆ. ಆದ್ದರಿಂದ ಇದಕ್ಕೆ ಸಹಜ ರೋಗನಿರೋಧಕ ಶಕ್ತಿ ಎಂದು ಹೆಸರು.

ಕಂಡುಹಿಡಿದದ್ದೂ ಮುಳ್ಳಿನಿಂದಲೇ!

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದಾಗ ಚಲಿಸುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು! ರೋಗನಿರೋಧಕ ಶಕ್ತಿಯ ಕುರಿತ ಸಂಶೋಧನೆಗಾಗಿ 1908ರಲ್ಲಿ ಪಾಲ್ ಎರ್ಲಿಕ್ ಅವರ ಜೊತೆ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಇಷ್ಟೇ ಸಾಕೇ?

ಸಾಲದು. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯು ರೋಗದ ಬ್ಯಾಕ್ಟೀರಿಯಾ ಇರಬಹುದು. ಅದು ಗಾಯದಲ್ಲಿ ಬೆಳೆದು ಬಿಡುವ ವಿಷ ನರಗಳಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ. ನುಂಗುವ ಕೋಶಗಳು ಈ ವಿಷವನ್ನು ತಡೆಯಲಾರವು. ಲಸಿಕೆ ಹಾಕಿಸಿಕೊಂಡರೆ ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಪ್ರತಿಕಾಯಗಳನ್ನು ತಯಾರಿಸಿ ವಿಷವನ್ನು ತಡೆಯುತ್ತವೆ. ಆದ್ದರಿಂದ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಟಿ.ಡಿ. ಲಸಿಕೆಯನ್ನು ತಪ್ಪಿಸಬೇಡಿ.

ಮುಳ್ಳು ಚುಚ್ಚಿದರೆ ಗಾಯವನ್ನು ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆಯಿರಿ. ಮಣ್ಣು, ಸಗಣಿ, ಬೂದಿ ಹಚ್ಚಬೇಡಿ. ಮನೆಯಲ್ಲಿ ಹಿರಿಯರಿಗೆ ತಿಳಿಸಿ. ಬಾವು ಹೆಚ್ಚಿದರೆ, ಕೀವಾದರೆ ಅಥವಾ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚಪ್ಪಲಿ ಹಾಕಿಕೊಂಡೇ ಹೊಲಕ್ಕೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಮಾಡಿ ನೋಡಿ

35 ಮಕ್ಕಳು ತಲಾ 20 ಕಡಲೆ ಕಾಳು ತನ್ನಿ. ಒಟ್ಟು 700 ಆಯಿತು. ಅದರಲ್ಲಿ ಒಂದೇ ಒಂದು ಬಿಳಿ ಅವರೆ ಕಾಳು ಬೆರೆಸಿ ಹುಡುಕಿ. ರಕ್ತದಲ್ಲಿ ಬಿಳಿ ಕಣಗಳ ಪಾಲು ಹೆಚ್ಚು ಕಡಿಮೆ ಇಷ್ಟೇ! ಇಷ್ಟು ಕಡಿಮೆ ಇದ್ದರೂ ಅವು ಗಾಯದ ಜಾಗಕ್ಕೆ ಸರಿಯಾಗಿ ಬಂದು ಸೇರುವುದು ಹೇಗೆ? ನಿಮ್ಮ ಮಾತಿನಲ್ಲಿ ಬರೆದು ಗುರುಗಳಿಗೆ ತೋರಿಸಿ.