ಹೊಗೆಯ ನಿಯಮವೂ ಇಂಗಾಲದ ಲೆಕ್ಕವೂ

ಕೃಷ್ಣರಾಜಪೇಟೆಯಿಂದ ಮೈಸೂರಿಗೆ ಹೊರಡುವ ಹೊಸ ಬಸ್ಸಿನ ಹಿಂದೆ ಮೊದಲಿನಂತೆ ಕಪ್ಪು ಹೊಗೆ ಕಾಣುವುದಿಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ‘ಭಾರತ್ ಸ್ಟೇಜ್ 6’ ನಿಯಮವೇ ಇದಕ್ಕೆ ಮುಖ್ಯ ಕಾರಣ. ಒಂದು ಕಿಲೋಗ್ರಾಂ ಡೀಸೆಲ್ಲಿನಲ್ಲಿ 50 ಮಿಲಿಗ್ರಾಂವರೆಗೆ ಇರಬಹುದಾಗಿದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಹೊಸ ಡೀಸೆಲ್ ವಾಹನಗಳಿಗೆ ಮಸಿಯನ್ನು ತಡೆಯುವ ಶೋಧಕ ಬಂದಿತು. ಹಾಗಾದರೆ ಇಂಗಾಲದ ಡೈ ಆಕ್ಸೈಡೂ ಕಡಮೆಯಾಯಿತೇ?

ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 720 ಗ್ರಾಂ ಇಂಗಾಲವಿದೆ. 12 ಭಾಗ ಇಂಗಾಲವು 32 ಭಾಗ ಆಮ್ಲಜನಕದೊಡನೆ ಕೂಡಿ 44 ಭಾಗ ಡೈ ಆಕ್ಸೈಡ್ ಆಗುವುದರಿಂದ, ಒಂದು ಲೀಟರು ಉರಿದರೆ ಸುಮಾರು 2.6 ಕಿಲೋಗ್ರಾಂ ಅನಿಲ ಹುಟ್ಟುತ್ತದೆ. ಮಸಿಯ ಶೋಧಕ ಇದನ್ನು ಹಿಡಿದಿಡಲಾರದು. ಉರಿಸುವ ಇಂಧನ ಕಡಮೆಯಾದರೆ ಮಾತ್ರ ಇದೂ ಕಡಮೆಯಾದೀತು.

ಇದಕ್ಕೆಂದೇ ಬೇರೊಂದು ನಿಯಮ ಹುಟ್ಟಿತು. ಒಂದು ಕಂಪೆನಿ ಮಾರುವ ಕಾರುಗಳು ಸರಾಸರಿ ಕಿಲೋಮೀಟರಿಗೆ ಸುಮಾರು 113 ಗ್ರಾಂಗಿಂತ ಹೆಚ್ಚು ಡೈ ಆಕ್ಸೈಡ್ ಬಿಡಬಾರದೆಂಬ ಗುರಿಯನ್ನು 2022-23ರಿಂದ ವಿಧಿಸಲಾಯಿತು.

ಈಗ ಮೈಸೂರಿನ ದಾರಿಯನ್ನು 60 ಕಿ.ಮೀ. ಎಂದಿಟ್ಟುಕೊಳ್ಳೋಣ. ಆ ಮಿತಿಗೆ ಒಳಪಟ್ಟ ಕಾರು 6.8 ಕಿಲೋಗ್ರಾಂ ಅನಿಲ ಬಿಡುತ್ತದೆ. ಲೀಟರಿಗೆ 5 ಕಿ.ಮೀ. ಓಡುವ ಬಸ್ಸು 12 ಲೀಟರು ಉರಿಸಿ 31 ಕಿಲೋಗ್ರಾಂ ಬಿಡುತ್ತದೆ. ಆದರೆ ಅದರಲ್ಲಿ 50 ಮಂದಿ ಕುಳಿತಿದ್ದರೆ ತಲೆಗೆ ಬೀಳುವುದು 620 ಗ್ರಾಂ. ಕಾರಿನಲ್ಲಿ ಒಬ್ಬನೇ ಹೋದವನ ಪಾಲು ಇದರ ಹನ್ನೊಂದು ಪಟ್ಟು! ನಿಯಮಕ್ಕೆ ತಕ್ಕ ಕಾರಾದರೂ ಬರಿದಾಗಿ ಓಡಿದರೆ ಇಂಧನ ಉಳಿಯದು; ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರುವುದೂ ಅಷ್ಟೇ ಅಗತ್ಯ. ಓದುಗರು ತಮ್ಮ ಊರಿನ ದಾರಿಗೂ ಈ ಲೆಕ್ಕವನ್ನು ಹಾಕಿ ನೋಡಬಹುದು.